ಕಹಳೆಯೊಳಗಿನ ಗರಗರ

ಎಲ್ಲ ಸೇರಿದರೂ ಒಂದು ಚಿಟಿಕೆಯಷ್ಟೇ. ಬಸ್ಯೂನಿ ಅದನ್ನು ಮೆತ್ತನೆಯ ಕುಂಚದಿಂದ ಕೆಲಸದ ಮೇಜಿನ ಕರಿಬಟ್ಟೆಯ ಮೇಲಿಂದ ಗುಡಿಸಿ, ಚಹದ ಲೋಟದ ಕೆಳಗಿಡುವ ಸಣ್ಣ ತಟ್ಟೆಯಲ್ಲಿ ಕೂಡಿಹಾಕಿದ್ದ. ನಶ್ಯಕ್ಕಿಂತ ನವುರಾದ, ಕಂದು ಬಣ್ಣದ ಮೇಣದ ಪುಡಿ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗಿನಿಂದ ಅದನ್ನು ಎಸೆದುಬಿಡಬೇಕೆಂದು ನಾಲ್ಕು ಸಲ ಎದ್ದಿದ್ದ, ನಾಲ್ಕು ಸಲವೂ ಮತ್ತೆ ಕೂತಿದ್ದ. ಎಸೆಯುವುದಾದರೂ ಎಲ್ಲಿಗೆ? ಮೋರಿಗೆ ಹಾಕುವಂತಿಲ್ಲ, ಬೀದಿಗೆ ಊದುವಂತಿಲ್ಲ. ಮೂವತ್ತೆಂಟು ವರ್ಷ ಹಲ್ಲುಚಕ್ರದ ತುಕ್ಕು, ಸ್ಪ್ರಿಂಗಿನ ಹಳೆಯ ಗ್ರೀಸು, ಇಲಿ ಕಡಿದ ಬೆಲ್ಟಿನ ಚೂರು ಎಲ್ಲವನ್ನೂ ಯೋಚಿಸದೆ ಗುಡಿಸಿ ಹೊರಹಾಕಿದವನಿಗೆ ಈ ಚಿಟಿಕೆ ಪುಡಿಯ ಮುಂದೆ ಕೈ ಏಳುತ್ತಿರಲಿಲ್ಲ. ಅದು ಒಬ್ಬ ಹೆಂಗಸಿನ ದನಿ. ಸತ್ತು ಅರವತ್ತೈದು ವರ್ಷವಾದ ಹೆಂಗಸು. ಇಡೀ ಲೋಕದಲ್ಲಿ ಒಂದೇ ಒಂದು ಮೇಣದ ಉರುಳೆಯ ಮೇಲೆ ಉಳಿದಿದ್ದ ಅವಳ ದನಿ ನಿನ್ನೆ ಮಧ್ಯಾಹ್ನ ಅವನ ಕೈಯಿಂದಲೇ ಹೆರೆದುಹೋಗಿ ಈ ತಟ್ಟೆಗೆ ಬಂದಿತ್ತು. ಅವಳ ಮಗಳು ಸಿತ್ ದೌಲತ್ ಇವತ್ತು ಸಂಜೆ ಮುಂದೆ ಅಸರ್ ನಮಾಜಿನ ಬಾಂಗಿನ ಹೊತ್ತಿಗೆ ಬಂದು ಅದನ್ನು ಕೇಳುವವಳಿದ್ದಳು, ತನ್ನ ಜನ್ಮದಲ್ಲಿ ಮೊದಲನೆಯ ಸಲ.

ಮೂರು ವಾರದ ಹಿಂದೆ ಆಕೆ ಬಂದದ್ದು ಕುದುರೆಗಾಡಿಯಲ್ಲಿ. ಗಾಡಿಯವನು ಏದುಸಿರು ಬಿಡುತ್ತ ಫೋನೋಗ್ರಾಫನ್ನು ತಂದು ಮೇಜಿನ ಮೇಲಿಟ್ಟ. ಓಕ್ ಮರದ ಪೆಟ್ಟಿಗೆ, ಅದರ ಮೇಲೆ ಹೂವಿನ ದಳಗಳ ಹಾಗೆ ಅಂಚು ಬಿರಿದ ತಗಡಿನ ಕಹಳೆ. ಅತ್ತಾರೀನ್ ಪೇಟೆಯ ಈ ಬೀದಿಯಲ್ಲಿ ಅಂಥವು ಎಷ್ಟೋ ಬಂದು ಹೋಗಿವೆ. ಯಾವ ಪಾಷಾನ ದಿವಾನಖಾನೆಯದೋ, ಊರು ಬಿಟ್ಟುಹೋದ ಯಾವ ಗ್ರೀಕ್ ದರ್ಜಿಯದೋ. ಅಲೆಕ್ಸಾಂಡ್ರಿಯಾದಲ್ಲಿ ಯಾರು ಮನೆ ಖಾಲಿಮಾಡಿದರೂ ಕೊನೆಗೆ ಸಾಮಾನು ಈ ಬೀದಿಗೇ ಬಂದು ಬೀಳುತ್ತದೆ. ಆದರೆ ಆಕೆ ಒಂದು ರಟ್ಟಿನ ಡಬ್ಬಿಯನ್ನು ಮಾತ್ರ ಗಾಡಿಯವನ ಕೈಗೆ ಕೊಡದೆ ಎದೆಗವುಚಿಕೊಂಡು ತಂದಿದ್ದಳು. ಮುಚ್ಚಳ ತೆಗೆದಾಗ ಹತ್ತಿಯ ನಡುವೆ ಉರುಳೆ ಕನ್ನಡಿಯ ಹಾಗೆ ಹೊಳೆಯಿತು. ಒಂದು ಗೀರಿಲ್ಲ, ಬೂಷ್ಟಿನ ಒಂದು ಚುಕ್ಕೆಯಿಲ್ಲ. ಇಷ್ಟು ಚೆನ್ನಾಗಿ ಉಳಿದದ್ದನ್ನು ತಾನು ನೋಡಿಯೇ ಇಲ್ಲ ಎಂದು ಬಸ್ಯೂನಿ ಬಾಯಿಬಿಟ್ಟು ಹೇಳಿದ್ದ. ಹೇಳದೆ ಇದ್ದಿದ್ದರೆ ಇವತ್ತು ಒಂದು ಸುಳ್ಳಿಗಾದರೂ ದಾರಿ ಇರುತ್ತಿತ್ತು.

“ನಾನು ಹುಟ್ಟಿದ ಏಳನೇ ದಿನದ ಶಾಸ್ತ್ರದ್ದು ಇದು, ಉಸ್ತಾ,” ಎಂದಿದ್ದಳು ಆಕೆ, ಪಳಗಿದ ಕಸುಬಿನವರನ್ನು ಕರೆಯುವ ಹಾಗೆ. “ನನ್ನ ಜರಡೀಲಿ ಮಲಗ್ಸಿ, ಅಜ್ಜಿ ಕುಟ್ಟಾಣಿ ಕುಟ್ಟಿದಾರೆ, ಅಮ್ಮ ಮಾತಾಡಿದಾಳೆ. ನನ್ನ ಸೋದರಮಾವನ ಹತ್ರ ಈ ಪೆಟ್ಟಿಗೆ ಇತ್ತು, ದನಿ ತುಂಬಿಸ್ಕೊಂಡ. ಆಮೇಲೆ ನಲವತ್ತು ದಿನ ಆಗೋದ್ರೊಳಗೆ ಬಾಣಂತಿ ಜ್ವರಕ್ಕೆ ಅಮ್ಮ ಹೋಗ್ಬಿಟ್ಳು. ಪ್ರತಿ ಸಲ ಹಾಕಿದಾಗ್ಲೂ ಮೇಣ ಸವೆಯುತ್ತೆ ಅಂತ ಮಾವ ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ. ಆಮೇಲೆ ಸ್ಪ್ರಿಂಗ್ ಮುರೀತು. ಆಮೇಲೆ ಮಾವನೂ ಹೋದ.” ಇಷ್ಟು ಹೇಳಿ ಆಕೆ ಇನ್ನೂ ಏನೋ ಹೇಳಿದಳು. ಮಾವ ಬದುಕಿರುವವರೆಗೂ ಯಾವುದಕ್ಕೋ ಗೊಣಗುತ್ತಿದ್ದ ಎಂಬಂಥದ್ದು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಟ್ರಾಮು ಹಾದುಹೋಯಿತು. ಬಸ್ಯೂನಿಗೆ ಕಂಡದ್ದು ಆಕೆಯ ತುಟಿ ಅಲುಗಿದ್ದು, ಕೈ ಬಾಯಿಗೆ ಹೋದದ್ದು, ಭುಜ ಕುಲುಕಿದ್ದು. ಅವನು ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸಿದ. “ನಂಗೆ ಒಂದೇ ಸಲ ಕೇಳಿದ್ರೆ ಸಾಕು. ಆದ್ರೆ ಮೊದಲು ನಾನೇ ಕೇಳ್ಬೇಕು. ನಾನು ಬರೋವರೆಗೂ ಅದನ್ನ ಹಾಕ್ಬೇಡಿ.” ಆ ಮಾತು ಚೆನ್ನಾಗಿಯೇ ಕೇಳಿಸಿತ್ತು. ಅವನು ಬಲಗೈಯನ್ನು ಒಂದಾದ ಮೇಲೊಂದು ಕಣ್ಣಿಗೆ ಒತ್ತಿಕೊಂಡು, “ನನ್ನ ಕಣ್ಣಾಣೆ, ಅಮ್ಮ,” ಎಂದಿದ್ದ.

ಕಣ್ಣಾಣೆ ಇಟ್ಟದ್ದು, ಸದ್ಯ, ಕಿವಿಯಾಣೆ ಇಟ್ಟಿರಲಿಲ್ಲ. ಕಿವಿಯ ವಿಷಯ ಅವನು ಯಾರಿಗೂ ಹೇಳಿರಲಿಲ್ಲ. ಹೇಳುವುದು ಹೇಗೆ? ಈ ಬೀದಿಯಲ್ಲಿ ಅವನ ಹೆಸರಿರುವುದೇ ಕಿವಿಯಿಂದ. ಗಡಿಯಾರವಿರಲಿ, ಸಂಗೀತದ ಪೆಟ್ಟಿಗೆಯಿರಲಿ, ಬಸ್ಯೂನಿ ಮುಟ್ಟುವ ಮೊದಲು ಕೆನ್ನೆ ಒತ್ತಿ ಕೇಳುತ್ತಾನೆ, ಕೇಳಿಯೇ ಯಾವ ಹಲ್ಲು ಸವೆದಿದೆ ಎಂದು ಹೇಳುತ್ತಾನೆ, ಹೀಗೆ ಜನ ಆಡಿಕೊಳ್ಳುತ್ತಿದ್ದರು. ಎರಡು ವರ್ಷದಿಂದ ಅವನು ಕೆನ್ನೆ ಒತ್ತುವುದು ಅಭ್ಯಾಸಬಲದಿಂದ. ಕೇಳಿಸುವುದಕ್ಕಿಂತ ಹೆಚ್ಚು ಮೂಳೆಗೆ ತಿಳಿಯುತ್ತಿತ್ತು. ಮೊದಲು ಹೋದದ್ದು ಸಣ್ಣ ದನಿಗಳು, ಗುಬ್ಬಚ್ಚಿ, ಚಮಚ, ಮೊಮ್ಮಗಳ ಮಾತು. ಆಮೇಲೆ ಹೆಂಗಸರ ಮಾತಿನ ಅಂಚುಗಳು ಹೋದವು, ನಡುವಿನ ಗುಂಯ್‌ಗಾನ ಮಾತ್ರ ಉಳಿಯಿತು. ಇವತ್ತು ಬೆಳಿಗ್ಗೆಯೂ ಹೆಂಡತಿ ಸನಿಯ್ಯಾ ಬೇಯಿಸಿದ ಕಾಳಿನ ಮೇಲೆ ಎಣ್ಣೆ ಬಿಟ್ಟು ಮುಂದಿಟ್ಟು ಏನೋ ಕೇಳಿದಳು, ಅವನು ಹೂಂ ಎಂದ. ಅವಳು ಕೈ ಸೊಂಟಕ್ಕಿಟ್ಟುಕೊಂಡು ಮುಂದೆ ಬಂದು ನಿಂತಳು. “ಉಪ್ಪು ಸಾಕಾ ಅಂದ್ರೂ ಹೂಂ. ನಿಮ್ಮ ತಂಗಿ ಬರ್ತಾಳಂತೆ ಅಂದ್ರೂ ಹೂಂ. ಮನೆಗೆ ಬೆಂಕಿ ಬಿತ್ತು ಅಂದ್ರೂ ಹೂಂ ಅಂತೀರೋ ಏನೋ. ನನ್ನ ಮಾತು ಅಂದ್ರೆ ಅಷ್ಟು ಸಸಾರ ಆಗೋಗಿದೆ ನಿಮ್ಗೆ.” ಅವಳು ಕಿವುಡು ಎಂದುಕೊಂಡಿರಲಿಲ್ಲ, ತಾತ್ಸಾರ ಎಂದುಕೊಂಡಿದ್ದಳು. ಅವನು ತಿದ್ದಲಿಲ್ಲ. ಕಿವುಡ ಎನಿಸಿಕೊಳ್ಳುವುದಕ್ಕಿಂತ ಕೆಟ್ಟ ಗಂಡ ಎನಿಸಿಕೊಳ್ಳುವುದೇ ಅವನಿಗೆ ವಾಸಿಯಾಗಿತ್ತು. ಅವಳ ಬಾಯಿ ಅಲುಗುವುದನ್ನೇ ನೋಡುತ್ತ, ಇವಳು ನಾಳೆ ಸತ್ತರೆ ಇವಳ ಯಾವ ಮಾತು ನನ್ನ ಹತ್ತಿರ ಉಳಿದಿರುತ್ತದೆ ಎಂದು ಯೋಚಿಸಿ, ಅವನು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟ.

ಕೆಲಸವೇನೋ ಚೆನ್ನಾಗಿಯೇ ನಡೆದಿತ್ತು, ಅದೇ ಹೊಟ್ಟೆಯುರಿಯುವ ಸಂಗತಿ. ಮುರಿದ ಸ್ಪ್ರಿಂಗನ್ನು ಕೆಂಪಗೆ ಕಾಯಿಸಿ, ತುದಿಯಲ್ಲಿ ಹೊಸ ತೂತು ಕೊರೆದು ಕೂರಿಸಿದ್ದ. ವೇಗ ಹಿಡಿದಿಡುವ ಮೂರು ಗುಂಡುಗಳನ್ನು ತೂಗಿ ಸರಿಮಾಡಿದ್ದ. ಬೆಲ್ಟನ್ನು ಆಡಿನ ಚರ್ಮದಲ್ಲಿ ಹೊಸದಾಗಿ ಹೊಲಿದಿದ್ದ. ಪೆಟ್ಟಿಗೆಯ ಜೊತೆ ಎರಡು ತಲೆಗಳು ಬಂದಿದ್ದವು. ಮುಳ್ಳು ಹಿಡಿದು ಉರುಳೆಯ ಮೇಲೆ ಕೂತು ದನಿಯನ್ನು ಕಹಳೆಗೆ ಸಾಗಿಸುವ ಗುಂಡು ಬಿಲ್ಲೆಯನ್ನು ಅವನ ಕಸುಬಿನವರು ತಲೆ ಎನ್ನುತ್ತಾರೆ. ಒಂದು ಹಗುರ, ಮೊಂಡು ಮುಳ್ಳಿನದು, ಮನೆಯಲ್ಲಿ ತುಂಬಿಸಿಕೊಂಡ ಮೆದು ಮೇಣಕ್ಕೆ. ಇನ್ನೊಂದು ಭಾರ, ಚೂಪು ಮುಳ್ಳಿನದು, ಆಮೇಲಿನ ಕಾಲದ ಗಟ್ಟಿ ಉರುಳೆಗಳಿಗೆ. ಭಾರದ್ದನ್ನು ಮೆದು ಮೇಣದ ಮೇಲೆ ಇಡಬಾರದು, ಇಟ್ಟರೆ ಉಳಿಯ ಹಾಗೆ ಹೆರೆಯುತ್ತದೆ. ಇದು ಕಸುಬಿನ ಮೊದಲ ಪಾಠ. ಎಷ್ಟೋ ಜನಕ್ಕೆ ಅವನೇ ಬೈದು ಹೇಳಿಕೊಟ್ಟದ್ದು. ಹಗುರ ತಲೆಯ ಬಿರುಕು ಬಿಟ್ಟ ಕಾಗೆಬಂಗಾರದ ಬಿಲ್ಲೆಯನ್ನು ತೆಗೆದು ಹೊಸದನ್ನು ಕತ್ತರಿಸಿ ಹಾಕಿದ. ಅಂಗಡಿಯಲ್ಲಿದ್ದ ಒಂದು ಹಳೆಯ ಉರುಳೆ ಹಾಕಿ ನೋಡಿದ. ಪೆಟ್ಟಿಗೆ ಬೆಣ್ಣೆಯ ಹಾಗೆ ತಿರುಗಿತು, ಎಲ್ಲೂ ಒಂದು ಅಪಸ್ವರವಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮನೆಯಲ್ಲಿ ತುಂಬಿಸಿದ ಉರುಳೆಯ ವೇಗ ಇಷ್ಟೇ ಎಂದು ಇರುವುದಿಲ್ಲ, ಒಬ್ಬೊಬ್ಬರದು ಒಂದೊಂದು. ಹಾಕಿ ಕೇಳದೆ ತಿಳಿಯುವುದಿಲ್ಲ. ನಾಳೆ ಆಕೆಯ ಮುಂದೆ ತಾಯಿಯ ದನಿ ಇಲಿಯ ಹಾಗೆ ಕೀಚಲಾಗಿಯೋ ಗಂಡಸಿನ ಹಾಗೆ ಗಡುಸಾಗಿಯೋ ಹೊರಟರೆ? ಎರಡು ಕ್ಷಣ ಮಾತ್ರ ಎಂದು ಹಗುರ ತಲೆ ಇಟ್ಟ. ಏನೂ ಕೇಳಿಸಲಿಲ್ಲ. ಕಹಳೆಯೊಳಕ್ಕೆ ಬಲಗಿವಿ ತೂರಿಸಿದ. ಗೋಡೆಯಾಚೆ ಯಾರೋ ನಡೆದಾಡಿದ ಹಾಗೆ ಏನೋ ಇತ್ತು, ಅಷ್ಟೇ. ದನಿ ಅಲ್ಲಿತ್ತು, ಕಿವಿ ಇರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೈ ತಾನಾಗಿ ಹೋಗಿ ಹಗುರ ತಲೆಯನ್ನು ಬಿಚ್ಚಿ ಭಾರದ್ದನ್ನು ಹಾಕಿತು. ಒಂದು ಸಲಕ್ಕೆ ಏನಾಗುತ್ತದೆ? ಈಗ ದನಿ ಜೋರಾಗಿ ಬಂತು: ಕುಟ್ಟಾಣಿಯ ಹೊಡೆತ, ಒಬ್ಬ ಮುದುಕಿಯ ರಾಗ, ಇನ್ನೊಂದು ಎಳೆಯ ಹೆಣ್ಣುದನಿ, ದೂರದಿಂದ ಒಂದು ಗಂಡುದನಿ. ವೇಗ ಸರಿಯಾಗಿದೆ ಎಂದುಕೊಳ್ಳುವಷ್ಟರಲ್ಲಿ, ಕುಟ್ಟಾಣಿ ನಿಂತ ಮೇಲೆ, ಒಂದು ಗರಗರ. ಕಹಳೆಯೊಳಗೆ ಏನೋ ಸಡಿಲವಾಗಿ ಅದುರಿದ ಹಾಗೆ, ಬಿಟ್ಟು ಬಿಟ್ಟು, ಏರುತ್ತ. ಅವನ ಮೈಗೆ ಬೆಂಕಿ ಬಿದ್ದಂತಾಯಿತು. ಮೂರು ವಾರದ ಕೆಲಸ, ಆಕೆಯ ಮುಂದೆ ಈ ಗರಗರ! ಉರುಳೆಯನ್ನು ಮೊದಲಿಗೆ ತಂದು, ಕಹಳೆ ತೂಗುಹಾಕಿದ ಕೊಕ್ಕೆಯ ತಿರುಪು ಬಿಗಿದು ಮತ್ತೆ ಬಿಟ್ಟ. ಗರಗರ ಇತ್ತು, ಆದರೆ ಕೊಂಚ ಕಡಿಮೆ. ಸರಿ, ದಾರಿಗೆ ಬರುತ್ತಿದೆ. ಕಹಳೆಯ ಕತ್ತಿಗೆ ಉಣ್ಣೆಯ ಪಟ್ಟಿ ಸುತ್ತಿದ, ಮುಳ್ಳು ಅಲುಗದೆ ಕೂರಲೆಂದು ತಲೆಯ ಮೇಲೆ ಕಡಲೆಕಾಳಿನಷ್ಟು ಸೀಸ ಅಂಟಿಸಿದ, ಮೂರನೆಯ ಸಲ ಬಿಟ್ಟ. ಗರಗರ ಹೋಗಿತ್ತು! ಪೂರ್ತಿ ಹೋಗಿತ್ತು. ಅವನು ಎದುರಿನ ಕಾಫಿ ಅಂಗಡಿಗೆ ಕೈಸನ್ನೆ ಮಾಡಿ ಚಹ ತರಿಸಿಕೊಂಡು ಕುಡಿದ. ಬಹಳ ದಿನದ ಮೇಲೆ ಕೈ ತನ್ನ ಮಾತು ಕೇಳಿತೆಂದು ಸುಖಪಟ್ಟ. ಲೋಟ ಕೆಳಗಿಟ್ಟು, ಉರುಳೆಯೊಳಕ್ಕೆ ಎರಡು ಬೆರಳು ಅಗಲಿಸಿ ತೂರಿಸಿ ಅದನ್ನು ಹೊರತೆಗೆದಾಗ ಹೆಬ್ಬೆರಳಿಗೆ ಪುಡಿ ಹತ್ತಿತು.

“ಏನಯ್ಯ ಡಾಕ್ಟ್ರೇ, ರೋಗಿ ಉಳ್ಕೊಂಡ್ನಾ?” ಪಕ್ಕದ ಅಂಗಡಿಯ ಮೆತ್ವಲ್ಲಿ, ಕುರ್ಚಿಗೆ ಬೆತ್ತ ಹೆಣೆಯುವವನು, ಇವತ್ತು ಮಧ್ಯಾಹ್ನ ಬಾಗಿಲಲ್ಲಿ ನಿಂತಿದ್ದ. ಅವನದು ಬೀದಿಗೆಲ್ಲ ಕೇಳುವ ದನಿ; ಆ ಕಾರಣಕ್ಕೇ ಅವನ ಸ್ನೇಹ ಇಷ್ಟು ವರ್ಷ ಸುಸೂತ್ರವಾಗಿ ನಡೆದಿತ್ತು. ಬಸ್ಯೂನಿ ತಟ್ಟೆಯನ್ನು ಮುಂದಕ್ಕೆ ತಳ್ಳಿದ. ಮೆತ್ವಲ್ಲಿ ಬಗ್ಗಿ ನೋಡಿದ, ಮೂಸಿದ. “ಇದೇನು, ದಾಲ್ಚಿನ್ನಿನಾ?”

“ಆಯಮ್ಮನ ತಾಯಿ.”

ಎಲ್ಲ ಕೇಳಿದ ಮೇಲೆ ಮೆತ್ವಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತು ತಲೆ ಕೆರೆದುಕೊಂಡ. “ಬೂಷ್ಟು ಹಿಡಿದಿತ್ತು ಅನ್ನು. ಈ ಸಮುದ್ರದ ಗಾಳಿಗೆ ನನ್ನ ಬೆತ್ತಾನೇ ಬೂಷ್ಟು ಹಿಡಿಯುತ್ತೆ, ಮೇಣ ಯಾವ ಲೆಕ್ಕ?”

“ಕನ್ನಡಿ ಥರ ಇದೆ ಅಂತ ನಾನೇ ಬೊಗಳಿದೀನಿ ಅವತ್ತು.”

“ಹಂಗಾದ್ರೆ ಇನ್ನೊಂದು ದನಿ ತುಂಬ್ಸು. ಇದು ಮಾತಾಡೋದು ಮಾತ್ರ ಅಲ್ಲ, ಕೇಳಿಸ್ಕೊಳ್ಳೋ ಪೆಟ್ಟಿಗೇನೂ ಹೌದು ಅಂತ ನೀನೇ ಅಂದಿದ್ಯಲ್ಲ. ನಮ್ಮತ್ತೇನ ಕರ್ಸ್ತೀನಿ ತಡಿ. ಆ ಕಹಳೆಗೆ ಒಂದ್ಸಲ ಬಾಯಿ ಇಟ್ಲು ಅಂದ್ರೆ ಮೇಣ ಏನು, ಪೆಟ್ಟಿಗೇನೇ ಕರಗೋಗ್ಬೇಕು.” ತನ್ನ ಮಾತಿಗೆ ತಾನೇ ನಕ್ಕವನು ಬಸ್ಯೂನಿಯ ಮುಖ ನೋಡಿ ನಿಲ್ಲಿಸಿದ. “ತಮಾಷೆಗಂದೆ ಕಣೋ. ಅಲ್ಲ, ನೀನು ಇಂಥದ್ದು ಮಾಡೋನಲ್ವಲ್ಲ, ಏನಾಗಿತ್ತು ನಿಂಗೆ? ಹಗುರದ್ದು ಯಾಕೆ ಹಾಕ್ಲಿಲ್ಲ?”

ಹೇಳಿಬಿಡಬೇಕೆನ್ನಿಸಿತು. ಕೇಳಿಸಲ್ಲ ಕಣೋ ನಂಗೆ, ಎರಡು ವರ್ಷ ಆಯ್ತು. ಐದಾರು ಮಾತು, ಅಷ್ಟೇ. ಬಾಯಿಯನ್ನೂ ತೆರೆದ, ಆದರೆ “ಕೈತಪ್ಪು,” ಎಂದ. ಮೆತ್ವಲ್ಲಿ ನಿಟ್ಟುಸಿರು ಬಿಟ್ಟು, ಅವನ ಬೆನ್ನು ತಟ್ಟಿ, ಎದ್ದುಹೋದ.

ಅವನು ಹೋದ ಮೇಲೆ ಬಸ್ಯೂನಿ ಖಾನೆಯಿಂದ ಒಂದು ಹಳೆಯ ಉರುಳೆ ತೆಗೆದ, ಮೇಲ್ಮೈ ಹೆರೆದು ನುಣುಪು ಮಾಡಿದ್ದು, ಖಾಲಿ. ದನಿ ತುಂಬಿಸುವ ಮುಳ್ಳೂ ಇತ್ತು. ತಮಾಷೆಯೆಂದು ಮೆತ್ವಲ್ಲಿ ಹೇಳಿದ್ದನ್ನು ಅವನು ಬೆಳಿಗ್ಗೆ ಊಟದ ತಟ್ಟೆಯ ಮುಂದೆಯೇ ಯೋಚಿಸಿಯಾಗಿತ್ತು. ಸನಿಯ್ಯಾಳನ್ನು ಕರೆದು ಕಹಳೆಯ ಮುಂದೆ ನಿಲ್ಲಿಸಿ ನಾಲ್ಕು ಮಾತಾಡಿಸಿದರೆ ಸಾಕು. ತಾಯಿಯ ದನಿ ಹೇಗಿತ್ತೆಂದು ದೌಲತ್‌ಗೆ ಏನು ಗೊತ್ತು? ಯಾವ ಹೆಂಗಸಿನ ದನಿ ಬಂದರೂ ಆಕೆ ಅಮ್ಮಾ ಎಂದು ಅಳುತ್ತಾಳೆ, ಕೃತಜ್ಞತೆಯಿಂದ ಅವನ ಕೈ ಹಿಡಿದುಕೊಳ್ಳುತ್ತಾಳೆ. ಅಷ್ಟು ಸುಲಭ. ಆದರೆ ಸನಿಯ್ಯಾ ಏನು ಹೇಳಬೇಕು? ಇಲ್ಲಿ ಬಂದು ಅವನ ಯೋಚನೆ ಗಕ್ಕನೆ ನಿಂತಿತು. ಆ ಎಳೆಯ ಹೆಣ್ಣುದನಿ ಹೇಳಿದ್ದೇನು? ಮೂರು ಸಲ ಕೇಳಿದ್ದನಲ್ಲ. ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ಎರಡನೆಯ ಸುತ್ತಿನಲ್ಲಿ ಬೆಲ್ಟು ಒಂದು ಕೂದಲೆಳೆಯಷ್ಟು ಜಾರಿದ್ದು ನೆನಪಿತ್ತು. ಕುಟ್ಟಾಣಿಯ ನಾಲ್ಕನೆಯ ಏಟಿಗೆ ಬಿಲ್ಲೆ ಸ್ವಲ್ಪ ಹೆಚ್ಚು ಕಂಪಿಸಿದ್ದು ನೆನಪಿತ್ತು. ಗರಗರ ಶುರುವಾಗುವ ಜಾಗ, ಅದು ಏರಿದ್ದು, ನಡುವೆ ಉಸಿರು ಕಟ್ಟಿದ ಹಾಗೆ ನಿಂತು ಮತ್ತೆ ಹೊರಟದ್ದು, ಅದಂತೂ ಬೇಕಾದರೆ ಬರೆದು ತೋರಿಸುವಷ್ಟು ಸ್ಪಷ್ಟವಾಗಿತ್ತು. ಮಾತು ಒಂದೂ ಇರಲಿಲ್ಲ. ಅವನು ಹೆಂಗಸನ್ನು ಕೇಳಿರಲಿಲ್ಲ, ಪೆಟ್ಟಿಗೆಯನ್ನು ಕೇಳಿದ್ದ. ಅರವತ್ತೈದು ವರ್ಷದ ನಂತರ ಒಬ್ಬ ತಾಯಿ ಬಾಯಿ ತೆರೆದಾಗ ಅಲ್ಲಿ ಕೂತಿದ್ದವನು ತಾನೊಬ್ಬನೇ, ಆಗ ತನ್ನ ಗಮನವೆಲ್ಲ ಒಂದು ತಿರುಪಿನ ಮೇಲಿತ್ತು. ನಾಚಿಕೆಯಿಂದ ಅವನಿಗೆ ಕತ್ತಿನವರೆಗೂ ಬಿಸಿ ಏರಿತು. ಏನು ಮಾಡುತ್ತಿದ್ದೇನೆಂದು ತಿಳಿಯದೆಯೇ ಕಹಳೆಯೊಳಕ್ಕೆ ಮುಖ ಹಾಕಿ, “ದೌಲತ್,” ಎಂದ, ಹೆಣ್ಣುದನಿ ಮಾಡಿಕೊಂಡು. ಬೀದಿಯಲ್ಲಿ ಈರುಳ್ಳಿಯ ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, ಒಳಗೆ ಇಣುಕಿ, ಅಯ್ಯೋ ಪಾಪ ಎನ್ನುವ ಹಾಗೆ ನೋಡಿ ಮುಂದೆ ಹೋದಳು.

ಅವನು ಖಾಲಿ ಉರುಳೆಯನ್ನು ಖಾನೆಗೆ ಹಾಕಿ ಬೀಗ ಹಾಕಿದ.

ಬಾಂಗು ಶುರುವಾಗುವ ಮೊದಲೇ ಆಕೆ ಬಂದಳು. ನೀಲಿ ರೇಷ್ಮೆಯ ಉಡುಪು, ಮದುವೆಗೆ ಹೊರಟವಳ ಹಾಗೆ ಅತ್ತರು. ಮೇಜಿನ ಮೇಲೆ ಒಂದು ಕಾಗದದ ಪೊಟ್ಟಣ ಇಟ್ಟಳು: ಹುರಿದ ಕಡಲೆ, ಕಡಲೆಕಾಯಿ, ಬಣ್ಣದ ಸಕ್ಕರೆ ಮಿಠಾಯಿ. ಏಳನೆಯ ದಿನದ ಶಾಸ್ತ್ರಕ್ಕೆ ಬಂದವರಿಗೆ ಹಂಚುವುದು ಅದನ್ನೇ. “ನಗ್ಬೇಡಿ ಉಸ್ತಾ. ಅರವತ್ತೈದು ವರ್ಷದ ಮಗೂದು ಶಾಸ್ತ್ರ ಇವತ್ತು. ಬೇರೆ ಯಾರಿಗೆ ಹಂಚ್ಲಿ ಹೇಳಿ, ಎಲ್ಲಾ ಹೋಗಿದಾರೆ. ನೀವೇ ತಗೋಬೇಕು.” ಅವನು ಒಂದು ಕಡಲೆ ಬಾಯಿಗೆ ಹಾಕಿಕೊಂಡ. ಈಗ ಹೇಳಬೇಕು. ಆಕೆ ಕೂರುವ ಮೊದಲು, ನಿಂತಿರುವಾಗಲೇ. “ಅಮ್ಮ, ಒಂದು ವಿಷಯ...” ಎಂದ. ಆಕೆ ಆಗಲೇ ಕುರ್ಚಿಯನ್ನು ಕಹಳೆಯ ಎದುರಿಗೆ ಎಳೆದುಕೊಂಡು, ಮಡಿಲ ಮೇಲೆ ಕೈ ಜೋಡಿಸಿ, ಶಾಲೆಯಲ್ಲಿ ಮೊದಲ ದಿನ ಕೂತ ಹುಡುಗಿಯ ಹಾಗೆ ನೆಟ್ಟಗೆ ಕೂತಿದ್ದಳು. ಕಣ್ಣು ಮುಚ್ಚಿದ್ದಳು. ಅವನ ಬಾಯಲ್ಲಿ ಕಡಲೆ ಹಾಗೆಯೇ ಉಳಿಯಿತು. ಚಾವಿ ತಿರುಗಿಸಿದ. ಹಗುರ ತಲೆ ಹಾಕಿದ. ಈಗ ಹಾಕಿದ, ಮಹಾಜಾಣ. ಮುಳ್ಳು ಇಳಿಸುವಾಗ, ಏನಾದರೂ ಉಳಿದಿರಲಿ, ಒಂದು ಮಾತಾದರೂ ಸಾಕು, ನನ್ನ ಕಿವಿಗೆ ಕೇಳದಿದ್ದರೂ ಚಿಂತೆಯಿಲ್ಲ ಎಂದು ದೇವರನ್ನು ಕೇಳಿಕೊಂಡ.

ಅವನಿಗೆ ಕೇಳಿಸಿದ್ದು ಸರ್ ಎಂಬ ಸವೆತ ಮಾತ್ರ. ಆದರೆ ಆಕೆಯ ಮುಖ ಅರಳಿತು. ಆಕೆಯ ಕೈ ಮೇಲೆದ್ದು ಗಾಳಿಯಲ್ಲಿ ತಾಳ ಹಾಕಿತು, ಒಂದು, ಎರಡು, ಮೂರು. “ಕುಟ್ಟಾಣಿ!” ಎಂದಳು ಜೋರಾಗಿ. ಕುಟ್ಟಾಣಿಯ ಏಟು ಮೇಣದಲ್ಲಿ ಎಲ್ಲಕ್ಕಿಂತ ಆಳಕ್ಕೆ ಇಳಿದಿತ್ತು, ಅದರ ಬುಡ ಮಾತ್ರ ಉಳಿದಿತ್ತು. “ಅಜ್ಜಿ ಕುಟ್ತಿದಾರೆ, ಕೇಳಿ ಉಸ್ತಾ, ಕೇಳಿ!” ಅವನು ತಲೆಯಾಡಿಸಿದ. ಜನ್ಮದ ಅಭ್ಯಾಸ, ಎಲ್ಲಿ ಹೋಗುತ್ತದೆ. ಆಮೇಲೆ ಆಕೆಯ ಕೈ ನಿಂತಿತು. ತಲೆ ಮುಂದಕ್ಕೆ ಬಾಗಿತು. ಉರುಳೆ ತಿರುಗುತ್ತಿತ್ತು, ಮುಳ್ಳು ಒಂದಿಂಚು, ಎರಡಿಂಚು ಪಕ್ಕಕ್ಕೆ ಸರಿಯಿತು. ಕಣ್ಣು ತೆರೆಯದೆಯೇ, ಬಾಗಿಲಲ್ಲಿ ಕಾಯುವ ಮಗುವಿನ ಸಣ್ಣ ದನಿಯಲ್ಲಿ ಆಕೆ ಕೇಳಿದಳು, “ಅಮ್ಮ ಇನ್ನೂ ಬರ್ಲಿಲ್ವಲ್ಲ?”

ಆ ಸಣ್ಣ ದನಿ ಅವನಿಗೆ ಕೇಳಿಸಿತು. ಕೇಳಿಸಬಾರದಿತ್ತು, ಕೇಳಿಸಿತು. ಮುಳ್ಳು ತುದಿ ಮುಟ್ಟಿತು. ಬಸ್ಯೂನಿ ಪೆಟ್ಟಿಗೆ ನಿಲ್ಲಿಸಿ, ಚಹದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಆಕೆಯ ಮುಂದೆ ಮೊಣಕಾಲೂರಿ ಕೂತ. ಎಲ್ಲ ಹೇಳಿದ. ಆಣೆ ಮುರಿದದ್ದು, ಭಾರದ ತಲೆ, ಮೂರು ಸಲ. ಯಾಕೆಂದು ಆಕೆ ಕೇಳಲಿಲ್ಲ, ಆದರೂ ಹೇಳಿದ, “ನಂಗೆ ಕಿವಿ ಕೇಳಲ್ಲ ಅಮ್ಮ. ಎರಡು ವರ್ಷ ಆಯ್ತು. ಯಾರಿಗೂ ಗೊತ್ತಿಲ್ಲ.” ಹೇಳಿದ ಮೇಲೆ ಹಗುರವಾಗಬಹುದೆಂದುಕೊಂಡಿದ್ದ, ಹಾಗೇನೂ ಆಗಲಿಲ್ಲ. ಬೈಯಲಿ, ಬೀದಿಗೆಲ್ಲ ಕೇಳುವ ಹಾಗೆ ಕೂಗಲಿ, ಪೊಟ್ಟಣವನ್ನು ಮುಖಕ್ಕೆ ಎಸೆಯಲಿ ಎಂದು ಕಾದ. ಆಕೆ ತಟ್ಟೆಯನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ಉಸಿರಿಗೆ ಪುಡಿ ಹಾರದ ಹಾಗೆ ಅಂಗೈ ಅಡ್ಡ ಹಿಡಿದಳು. ಆಮೇಲೆ ಅವನ ಬಲಗಿವಿಯ ಹತ್ತಿರಕ್ಕೆ ಬಾಗಿ, ಒಂದೊಂದೇ ಮಾತು ಬಿಡಿಸಿ ಕೇಳಿದಳು. “ನೀವು ಕೇಳಿದೀರಲ್ಲ. ಏನಂದ್ಳು ಹೇಳಿ. ಅಷ್ಟು ಹೇಳಿದ್ರೆ ಸಾಕು.”

“ಕೇಳ್ಲಿಲ್ಲ ಅಮ್ಮ. ಮಾತು ಕೇಳ್ಲಿಲ್ಲ. ಪೆಟ್ಟಿಗೆ ಸದ್ದು ಕೇಳ್ತಾ ಇದ್ದೆ. ಕಹಳೇಲಿ ಏನೋ ಗರಗರ ಅಂತಿತ್ತು, ಅದನ್ನ ಹೋಗ್ಸೋಕೇ ಅಂತ ಮೂರು ಸಲ...”

“ಗರಗರನಾ?”

“ತಿರುಪು ಸಡಿಲ ಆದ್ರೆ ಬರುತ್ತಲ್ಲ, ಹಂಗೆ. ಬಿಟ್ಟು ಬಿಟ್ಟು.”

“ಯಾವಾಗ? ಕುಟ್ಟಾಣಿ ನಿಂತ ಮೇಲಾ?”

“ಹೌದು. ಮುದುಕಮ್ಮ ಏನೋ ಅಂದ್ರು. ದೂರದಿಂದ ಗಂಡಸಿಂದು ಒಂದು ದನಿ ಬಂತು. ಆಮೇಲೆ ಶುರುವಾಯ್ತು.”

ಆಕೆ ಅವನನ್ನೇ ನೋಡಿದಳು. “ಅವತ್ತೇ ಹೇಳಿದ್ನಲ್ಲ ಉಸ್ತಾ ನಿಮ್ಗೆ. ನೀವು ತಲೆ ಆಡ್ಸಿದ್ರಿ. ಅಜ್ಜಿ ಕುಟ್ಟಾಣಿ ಕುಟ್ಟಿ, ‘ಅಮ್ಮನ ಮಾತು ಕೇಳು, ಅಪ್ಪನ ಮಾತು ಕೇಳ್ಬೇಡ’ ಅಂತ ನನ್ನ ಕಿವೀಲಿ ಹೇಳಿದ್ರಂತೆ. ಬಾಗ್ಲಾಚೆ ನಿಂತಿದ್ದ ಅಪ್ಪ, ‘ನಂಗೆ ಕೇಳಿಸ್ತು’ ಅಂತ ಕೂಗಿದ್ರಂತೆ. ಅದಕ್ಕೆ ಅಮ್ಮ ನಕ್ಕಿದ್ದು ನಕ್ಕಿದ್ದೇ, ನಿಲ್ಸೋಕಾಗ್ದೆ ಕೂತ್ಬಿಟ್ಳಂತೆ. ಇದ್ದಿದ್ದು ಒಂದೇ ಉರುಳೆ, ನಕ್ಕು ನಕ್ಕು ಹಾಳ್ಮಾಡಿದ್ಳು ಅಂತ ಮಾವ ಸಾಯೋವರೆಗೂ ಗೊಣಗ್ತಿದ್ದ.”

ಬಸ್ಯೂನಿ ತನ್ನ ಕೈಗಳನ್ನು ನೋಡಿಕೊಂಡ. ಒಂದು ತಿರುಪು ಬಿಗಿದಿದ್ದ, ನಗು ಕಡಿಮೆಯಾಗಿತ್ತು. ಉಣ್ಣೆ ಸುತ್ತಿ ಸೀಸ ಅಂಟಿಸಿದ್ದ, ನಗು ನಿಂತಿತ್ತು. ಆಮೇಲೆ ಕೂತು ಸುಖವಾಗಿ ಚಹ ಕುಡಿದಿದ್ದ. ಅಂಗಡಿಯ ಉರುಳೆಯಲ್ಲಿ ಗರಗರ ಇರಲೇ ಇಲ್ಲ, ಪೆಟ್ಟಿಗೆಯಲ್ಲಿ ಏನೂ ಕೆಟ್ಟಿರಲಿಲ್ಲ ಎಂಬುದು ಈಗ ಹೊಳೆಯಿತು, ಹೊಳೆದೂ ಏನೂ ಪ್ರಯೋಜನವಿಲ್ಲದ ಹೊತ್ತಿನಲ್ಲಿ.

“ಹೆಂಗಿತ್ತು?” ಎಂದಳು ದೌಲತ್.

“ಯಾವ್ದು ಅಮ್ಮ?”

“ಆ ಗರಗರ. ಅದು ಕೇಳಿಸ್ತು ಅಂದ್ರಲ್ಲ. ಮಾಡಿ ತೋರ್ಸಿ.”

ಅವನು ಬಾಗಿಲ ಕಡೆ ನೋಡಿದ. ಬಾಂಗು ಮುಗಿದಿತ್ತು, ಮೆತ್ವಲ್ಲಿ ನಮಾಜಿಗೆ ಹೋಗಿದ್ದ. ಬಿಳಿಗಡ್ಡದ ಮನುಷ್ಯ, ಮೊಮ್ಮಕ್ಕಳಿರುವವನು, ನೆಲದ ಮೇಲೆ ಕೂತು ಕಣ್ಣು ಮುಚ್ಚಿ ಗಂಟಲು ಸರಿಮಾಡಿಕೊಂಡ. ಗರ್ ಎಂದು ಮೆಲ್ಲಗೆ ಶುರುಮಾಡಿದ, ಏರಿಸಿದ, ನಡುವೆ ಉಸಿರು ಕಟ್ಟಿ ನಿಲ್ಲಿಸಿದ, ಮತ್ತೆ ಬಿಟ್ಟ. ಗಂಡು ಗಂಟಲಿನಿಂದ ಒಡೆದು ಬಂದ ಒರಟು ಸದ್ದು. ಆದರೆ ಏರುವ ಜಾಗ ಸರಿಯಿತ್ತು, ನಿಲ್ಲುವ ಜಾಗ ಸರಿಯಿತ್ತು. ಆ ಮಟ್ಟಿಗೆ ಅವನು ಪಳಗಿದ ಕೆಲಸಗಾರ. ಕಣ್ಣು ತೆರೆದಾಗ ದೌಲತ್ ಕಹಳೆಯನ್ನು ನೋಡುತ್ತಿರಲಿಲ್ಲ, ಅವನ ಬಾಯಿಯನ್ನು ನೋಡುತ್ತಿದ್ದಳು. ಆಕೆಯ ಕೆನ್ನೆ ಒದ್ದೆಯಾಗಿತ್ತು.

“ಇನ್ನೊಂದ್ಸಲ,” ಎಂದಳು.

ಮಾಡಿದ. ಈ ಸಲ ನಡುವಿನ ನಿಲುಗಡೆ ಕೊಂಚ ಉದ್ದವಾಯಿತೋ ಏನೋ. ಮೊದಲು ಇಷ್ಟಿತ್ತೇ, ಇದಕ್ಕಿಂತ ಕಡಿಮೆಯೇ? ಕಹಳೆಯಲ್ಲಿ ಕೇಳಿದ್ದನ್ನು ನೆನಪಿಗೆ ತಂದುಕೊಳ್ಳಲು ಹೋದರೆ ಈಗ ತಾನೇ ಮಾಡಿದ್ದು ಅಡ್ಡ ಬರುತ್ತಿತ್ತು. ಇನ್ನೊಂದು ಸಲ ಮಾಡಿದರೆ ಉಳಿದಿರುವುದೂ ಅಳಿಸುತ್ತದೆ ಎಂದು ಅವನಿಗೆ ಗೊತ್ತಾಯಿತು. ಮಾಡಲಾರೆ, ಇಷ್ಟಕ್ಕೆ ಬಿಡಿ ಅಮ್ಮ, ಎನ್ನಬೇಕೆಂದು ತಲೆಯೆತ್ತಿದ.

ಆಕೆ ಕಣ್ಣು ಮುಚ್ಚಿ ಕಾಯುತ್ತಿದ್ದಳು. ಅವನು ಮೂರನೆಯ ಸಲ ಬಾಯಿ ತೆರೆದ.